ಪೇಟೆ ನೀಲಿ, ಹಳ್ಳಿ ಕೆಂಪು: ಅಮೆರಿಕದ ನಕ್ಷೆ ಕಾಣಗೊಡದ ಮತದಾರರು

2004ರ ಜನವರಿ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಅನ್ನುವ ಸ್ಪರ್ಧೆಯ ಮೊದಲ ಸುತ್ತು ಅಯೋವಾ ರಾಜ್ಯದಲ್ಲಿ ಇನ್ನೇನು ಶುರುವಾಗಬೇಕು. ಆ ಹೊತ್ತಿಗೆ ಅಲ್ಲಿನ ಟೀವಿಯಲ್ಲಿ ಒಂದು ಪುಟ್ಟ ಜಾಹೀರಾತು ಬಂತು. ಕೊಡಿಸಿದ್ದು ಕ್ಲಬ್ ಫಾರ್ ಗ್ರೋತ್ ಎಂಬ ಬಲಪಂಥೀಯ ಸಂಘಟನೆ. ವಯಸ್ಸಾದ ಒಂದು ದಂಪತಿಯನ್ನು, ಆ ಸ್ಪರ್ಧೆಯಲ್ಲಿದ್ದ ವರ್ಮಾಂಟ್ ರಾಜ್ಯದ ಮಾಜಿ ರಾಜ್ಯಪಾಲ ಹೊವರ್ಡ್ ಡೀನ್ ಬಗ್ಗೆ ಏನನ್ನಿಸುತ್ತದೆ ಎಂದು ಕೇಳುತ್ತಾರೆ. ಗಂಡ ಶುರುಮಾಡುತ್ತಾನೆ, ಹೆಂಡತಿ ಮುಗಿಸುತ್ತಾಳೆ. ತೆರಿಗೆ ಏರಿಸುವ, ಲಾಟೆ ಕಾಫಿ ಕುಡಿಯುವ, ಸುಶಿ ತಿನ್ನುವ, ವೋಲ್ವೋ ಓಡಿಸುವ, ನ್ಯೂಯಾರ್ಕ್ ಟೈಮ್ಸ್ ಓದುವ, ಮೈಯೆಲ್ಲ ಚುಚ್ಚಿಸಿಕೊಂಡ, ಹಾಲಿವುಡ್ ಹುಚ್ಚಿನ ತನ್ನ ಎಡಪಂಥೀಯ ಸರ್ಕಸ್ಸನ್ನು ಕಟ್ಟಿಕೊಂಡು ಆತ ವರ್ಮಾಂಟಿಗೆ ವಾಪಸ್ ಹೋಗಲಿ, ಅದು ಇರಬೇಕಾದ್ದು ಅಲ್ಲೇ ಅನ್ನುವುದು ಇಬ್ಬರ ಮಾತಿನ ಸಾರ.

(ನಮಗೆ ವೋಲ್ವೋ ಅಂದರೆ ಬೆಂಗಳೂರಿಂದ ಮಂಗಳೂರಿಗೆ ಹೋಗುವ ಬಸ್ಸು. ಅಮೆರಿಕದಲ್ಲಿ ಅದು ಕಾಲೇಜು ಊರಿನ ಮೇಷ್ಟ್ರುಗಳ ಕಾರು ಅನ್ನುವ ಹೆಸರಿದೆ.)

ತಮಾಷೆ ಇರುವುದು ಕೊನೆಯ ಮಾತಿನಲ್ಲಿ. ಈ ಪಟ್ಟಣಿಗ ಶೋಕಿಯನ್ನೆಲ್ಲ ಎಲ್ಲಿಗೆ ಅಟ್ಟುತ್ತಿದ್ದಾರೆ? ವರ್ಮಾಂಟಿಗೆ. ಜನಗಣತಿಯ ಪ್ರಕಾರ ಅಮೆರಿಕದ ಐವತ್ತು ರಾಜ್ಯಗಳಲ್ಲಿ ಹಳ್ಳಿಗಾಡಿನ ಪಾಲು ಅತಿ ಹೆಚ್ಚಿರುವುದು ಅಲ್ಲೇ. ಮೂವರಲ್ಲಿ ಸುಮಾರು ಇಬ್ಬರು ಪಟ್ಟಣದ ಹೊರಗೆ ವಾಸ. ಇಡೀ ರಾಜ್ಯದ ಅತಿ ದೊಡ್ಡ ನಗರ ಬರ್ಲಿಂಗ್ಟನ್‌ನ ಜನಸಂಖ್ಯೆ ಐವತ್ತು ಸಾವಿರ ಮುಟ್ಟುವುದಿಲ್ಲ. ಹಾಲು, ಚೀಸ್, ಮೇಪಲ್ ಪಾಕದ ನಾಡು ಅದು. ಅದೇ ವರ್ಮಾಂಟ್ 1856ರಿಂದ 1988ರವರೆಗೆ, 1964ರ ಒಂದೇ ಒಂದು ಸಲ ಬಿಟ್ಟರೆ, ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ರಿಪಬ್ಲಿಕನ್ನರಿಗೇ ಒಲಿದಿತ್ತು. ಈಗ ಅಧ್ಯಕ್ಷಗಿರಿಗೆ ಡೆಮಾಕ್ರಟರನ್ನು ಆರಿಸುತ್ತದೆ, ಸೆನೆಟ್ಟಿಗೆ ಎಡಪಂಥೀಯ ಬರ್ನಿ ಸ್ಯಾಂಡರ್ಸ್ ಅವರನ್ನು ಕಳಿಸುತ್ತದೆ, ಆದರೆ ರಾಜ್ಯಪಾಲನಾಗಿ ಫಿಲ್ ಸ್ಕಾಟ್ ಎಂಬ ರಿಪಬ್ಲಿಕನ್ನನನ್ನು 2016ರಿಂದ ಮತ್ತೆ ಮತ್ತೆ ಗೆಲ್ಲಿಸಿಕೊಂಡು ಬಂದಿದೆ. ಜಾಹೀರಾತಿನ ಅಜ್ಜ ಅಜ್ಜಿಗೆ ಇದಾವುದೂ ಬೇಕಿರಲಿಲ್ಲ. ನೋಡುವವರಿಗೂ ಬೇಕಿರಲಿಲ್ಲ. ಲಾಟೆ ಅಂದರೆ ಡೆಮಾಕ್ರಟ್, ಡೆಮಾಕ್ರಟ್ ಅಂದರೆ ಪೇಟೆಯವನು ಎಂಬ ಅಚ್ಚು ಆಗಲೇ ತಲೆಯಲ್ಲಿ ಕೂತಾಗಿತ್ತು.

ಈ ಅಚ್ಚು ಎಷ್ಟು ಆಳವಾಗಿ ಕೂತಿದೆ ಎಂದು ಅಳೆದವರೂ ಇದ್ದಾರೆ. ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕನ್ನರಿಗೆ ಸುಲಭದ ಪ್ರಶ್ನೆಗಳನ್ನು ಕೇಳಿದ್ದರು. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ದುಡಿಯುವವರು ಶೇಕಡಾ ಎಷ್ಟು? ಜನ ಕೊಟ್ಟ ಉತ್ತರದ ಸರಾಸರಿ 38. ನಿಜ ಸಂಗತಿ 2. ಡೆಮಾಕ್ರಟರಲ್ಲಿ ಸಲಿಂಗಿಗಳು ಮತ್ತು ಇತರ ಲಿಂಗತ್ವ ಅಲ್ಪಸಂಖ್ಯಾತರು ಎಷ್ಟು? ಜನರ ಊಹೆ 32, ನಿಜ 6. ಎದುರು ಪಕ್ಷದವರ ಬಗ್ಗೆ ಊಹೆ ಹೆಚ್ಚು ದಾರಿ ತಪ್ಪಿತ್ತು. ಆಶ್ಚರ್ಯವೆಂದರೆ ಸ್ವಂತ ಪಕ್ಷದವರ ಬಗ್ಗೆಯೂ ಜನರ ಲೆಕ್ಕ ಸರಿಯಿರಲಿಲ್ಲ. ಅಂದರೆ ಅಯೋವಾದ ಡೆಮಾಕ್ರಟ್ ರೈತನಿಗೂ ತನ್ನ ಪಕ್ಷ ಅಂದಕೂಡಲೇ ಕಣ್ಣಮುಂದೆ ಬರುವುದು ತನ್ನಂಥ ರೈತನಲ್ಲ.

ಈ ಚಿತ್ರಕ್ಕೆ ಬಣ್ಣ ಬಳಿದದ್ದು ಟೀವಿ ನಕ್ಷೆ. ಕೆಂಪು ಎಂದರೆ ರಿಪಬ್ಲಿಕನ್, ನೀಲಿ ಎಂದರೆ ಡೆಮಾಕ್ರಟ್ ಎಂಬುದು ಹಳೆಯ ಸಂಪ್ರದಾಯವೇನಲ್ಲ. 1980ರಲ್ಲಿ ರೊನಾಲ್ಡ್ ರೇಗನ್ ಗೆದ್ದ ರಾತ್ರಿ ಎನ್‌ಬಿಸಿ ವಾಹಿನಿ ಅವರ ರಾಜ್ಯಗಳನ್ನು ನೀಲಿಯಲ್ಲಿ ತೋರಿಸಿತ್ತು. ವಾಹಿನಿಗೊಂದು ಬಣ್ಣ, ಚುನಾವಣೆಗೊಂದು ಬಣ್ಣ ನಡೆಯುತ್ತಿತ್ತು. 2000ದಲ್ಲಿ ಬುಷ್ ಮತ್ತು ಗೋರ್ ನಡುವಿನ ಫಲಿತಾಂಶ ಫ್ಲಾರಿಡಾದಲ್ಲಿ ಸಿಕ್ಕಿಹಾಕಿಕೊಂಡು ವಾರಗಟ್ಟಲೆ ಎಳೆಯಿತಲ್ಲ, ಆಗ ಎಲ್ಲ ವಾಹಿನಿಗಳಲ್ಲೂ ಅದೇ ನಕ್ಷೆ, ಅದೇ ಬಣ್ಣ. ಅಲ್ಲಿಗೆ ಅಂಟಿಕೊಂಡಿತು. ಕೇರಳ, ಬಂಗಾಳದ ಕೆಂಬಾವುಟ ನೋಡಿ ಬೆಳೆದ ನಮಗೆ ಬಲಪಂಥಕ್ಕೆ ಕೆಂಪು ಬಳಿದಿರುವುದು ಈಗಲೂ ಒಂದು ಕ್ಷಣ ತಬ್ಬಿಬ್ಬು ಮಾಡುತ್ತದೆ.

ಆ ನಕ್ಷೆಯ ತೊಡಕು ಏನೆಂದರೆ ಅದು ಮಣ್ಣಿಗೆ ಬಣ್ಣ ಹಚ್ಚುತ್ತದೆ, ಮನುಷ್ಯರಿಗಲ್ಲ. ಟೆಕ್ಸಸ್‌ನ ಪಶ್ಚಿಮದಲ್ಲಿ ಲವಿಂಗ್ ಎಂಬ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 64 ಮಂದಿ. ಒಂದು ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಹತ್ತಿಸಬಹುದು, ನಾಲ್ಕಾರು ಜನ ನಿಂತುಕೊಳ್ಳಬೇಕಾದೀತು. ಹೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ 47 ಲಕ್ಷಕ್ಕೂ ಹೆಚ್ಚು ಜನ. ನಕ್ಷೆಯಲ್ಲಿ ಎರಡೂ ಒಂದೊಂದು ಚೌಕ. 2020ರ ಚುನಾವಣೆಯಲ್ಲಿ ದೇಶದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಲ್ಲಿ ಬೈಡನ್ ಗೆದ್ದದ್ದು ಐನೂರಕ್ಕಿಂತ ತುಸು ಹೆಚ್ಚು. ನಕ್ಷೆ ನೋಡಿದರೆ ಕೆಂಪು ಕಡಲಲ್ಲಿ ನೀಲಿ ಚುಕ್ಕೆಗಳು. ಆದರೆ ಬ್ರೂಕಿಂಗ್ಸ್ ಸಂಸ್ಥೆಯ ಅಂದಾಜಿನಂತೆ ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು ಶೇ 70 ಬರುವುದು ಆ ಚುಕ್ಕೆಗಳಿಂದ. ಈ ಒಂದು ಅಂಕಿಯನ್ನು ಇಬ್ಬರೂ ಅವರವರಿಗೆ ಬೇಕಾದಂತೆ ಓದುತ್ತಾರೆ. ದೇಶ ನಡೆಸುವುದು ನಮ್ಮ ದುಡಿಮೆ ಎಂದು ಪೇಟೆಯವರು. ಇದ್ದಬದ್ದ ಸಂಪತ್ತನ್ನೆಲ್ಲ ನೀವೇ ಎಳೆದುಕೊಂಡಿರಿ ಎಂದು ಹಳ್ಳಿಯವರು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಹೆಚ್ಚು ಹಿಡಿಸುತ್ತದೆ. 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ಮತ ಬಿದ್ದ ರಾಜ್ಯ ಯಾವುದು? ಟೆಕ್ಸಸ್ ಅಲ್ಲ, ಫ್ಲಾರಿಡಾ ಅಲ್ಲ, ಕ್ಯಾಲಿಫೋರ್ನಿಯಾ. ಅರವತ್ತು ಲಕ್ಷ ಮತ. ಟೆಕ್ಸಸ್‌ನಲ್ಲಿ ಅದಕ್ಕಿಂತ ಸುಮಾರು ಒಂದು ಲಕ್ಷ ಕಡಿಮೆ. ಆ ಅರವತ್ತು ಲಕ್ಷಕ್ಕೆ ಅಧ್ಯಕ್ಷನನ್ನು ಆರಿಸುವ ಚುನಾಯಕ ಮಂಡಳಿಯಲ್ಲಿ ಸಿಕ್ಕಿದ್ದು ಸೊನ್ನೆ. ರಾಜ್ಯದಲ್ಲಿ ಗೆದ್ದವನಿಗೆ ಎಲ್ಲ, ಸೋತವನಿಗೆ ಏನೂ ಇಲ್ಲ ಎಂಬ ನಿಯಮ ಎರಡು ರಾಜ್ಯಗಳನ್ನು ಬಿಟ್ಟು ಉಳಿದೆಲ್ಲೆಡೆ ಇದೆ. ಅದೇ ನಿಯಮ ಡಾಲಸ್, ಹೂಸ್ಟನ್, ಆಸ್ಟಿನ್‌ಗಳ ಲಕ್ಷಾಂತರ ಡೆಮಾಕ್ರಟರನ್ನೂ ನಕ್ಷೆಯಿಂದ ಅಳಿಸಿಹಾಕುತ್ತದೆ. ಲೆಕ್ಕಕ್ಕೆ ಬರದವರ ಮುಖ ಯಾರಿಗೂ ಕಾಣುವುದಿಲ್ಲ. ಕಾಣದವರ ಬಗ್ಗೆ ಏನು ಬೇಕಾದರೂ ಊಹಿಸಿಕೊಳ್ಳಬಹುದು.

ಪಕ್ಷಗಳು ಹುಟ್ಟಿನಿಂದಲೇ ಹೀಗಿದ್ದವೇ? ಉಲ್ಟಾ ಇದ್ದ ಕಾಲವೂ ಉಂಟು. 1896ರಲ್ಲಿ ಶಿಕಾಗೋದ ಸಮಾವೇಶದಲ್ಲಿ ನೆಬ್ರಾಸ್ಕಾದ ವಿಲಿಯಂ ಜೆನಿಂಗ್ಸ್ ಬ್ರಯನ್ ಮಾಡಿದ ಭಾಷಣ ಪ್ರಸಿದ್ಧ. ನಿಮ್ಮ ನಗರಗಳನ್ನು ಸುಟ್ಟು ನಮ್ಮ ಹೊಲಗಳನ್ನು ಉಳಿಸಿ, ನಗರಗಳು ಮಾಯದಂತೆ ಮತ್ತೆ ಎದ್ದಾವು. ಹೊಲಗಳನ್ನು ಹಾಳುಮಾಡಿ ನೋಡಿ, ದೇಶದ ಪ್ರತಿ ನಗರದ ಬೀದಿಯಲ್ಲಿ ಹುಲ್ಲು ಬೆಳೆದೀತು ಎಂದು ಗುಡುಗಿದ ಆತ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ. ಇಂದು ಅದೇ ಮಾತನ್ನು ರಿಪಬ್ಲಿಕನ್ ವೇದಿಕೆಯಲ್ಲಿ ಆಡಿದರೂ ಚಪ್ಪಾಳೆ ಬೀಳುತ್ತದೆ. 1930ರ ದಶಕದ ಮಧ್ಯದಲ್ಲೂ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕಷ್ಟೇ ಕರೆಂಟಿತ್ತು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಸಂಸ್ಥೆ ಕಟ್ಟಿ ತಂತಿ ಎಳೆಸಿದ್ದು ಫ್ರಾಂಕ್ಲಿನ್ ರೂಸ್ವೆಲ್ಟ್, ಅವರೂ ಡೆಮಾಕ್ರಟ್. ಮನೆಗೆ ಬಲ್ಬು ತಂದ ಪಕ್ಷ ಎಂಬ ಋಣ ಹಳ್ಳಿಗಳಲ್ಲಿ ಒಂದು ತಲೆಮಾರಾದರೂ ಉಳಿದಿತ್ತು.

ಆಮೇಲೆ ಆದದ್ದನ್ನು ಒಂದೇ ಕಾರಣಕ್ಕೆ ಕಟ್ಟಿಹಾಕಲಾಗದು. ರೈಲು ದಾರಿಯ ಗುಂಟ ಬೆಳೆದ ಕಾರ್ಖಾನೆ ಊರುಗಳು, ಅಲ್ಲಿನ ಕಾರ್ಮಿಕ ಸಂಘಗಳು, ಅದರಿಂದ ಪೇಟೆಯಲ್ಲಿ ಗಟ್ಟಿಯಾದ ಡೆಮಾಕ್ರಟಿಕ್ ಬೇರು ಅನ್ನುವುದು ಸ್ಟ್ಯಾನ್‌ಫರ್ಡ್‌ನ ಜೊನಾಥನ್ ರಾಡೆನ್ ಮುಂದಿಡುವ ವಾದ. ಕಾರ್ಖಾನೆ ಹೋಯಿತು, ಬೇರು ಉಳಿಯಿತು. ವರ್ಣಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕು ಕಾಯ್ದೆಯ ನಂತರ ದಕ್ಷಿಣದ ಬಿಳಿಯರು ಮೆಲ್ಲಗೆ ಡೆಮಾಕ್ರಟರ ಕೈಬಿಟ್ಟರು. ಗರ್ಭಪಾತ, ಬಂದೂಕು, ಚರ್ಚು ಒಂದೊಂದಾಗಿ ಪಕ್ಷದ ಗುರುತುಗಳಾದವು. ಪಶ್ಚಿಮ ವರ್ಜೀನಿಯಾವನ್ನು ನೋಡಿ. ಕಲ್ಲಿದ್ದಲು ಗಣಿಯ, ಬಲವಾದ ಕಾರ್ಮಿಕ ಸಂಘಗಳ ಆ ಗುಡ್ಡದ ನಾಡು 1988ರಲ್ಲಿ ದೇಶದ ಮಟ್ಟದಲ್ಲಿ ಸೋತ ಡೆಮಾಕ್ರಟಿಕ್ ಅಭ್ಯರ್ಥಿ ಡುಕಾಕಿಸ್ ಕೈ ಹಿಡಿದಿತ್ತು, ಎರಡು ಸಲ ಕ್ಲಿಂಟನ್‌ರನ್ನು ಗೆಲ್ಲಿಸಿತ್ತು. 2024ರಲ್ಲಿ ಅಲ್ಲಿ ಟ್ರಂಪ್‌ಗೆ ಶೇ 70ರಷ್ಟು ಮತ. ಅದೇ ಜನ, ಅದೇ ಗುಡ್ಡ.

ಹಳ್ಳಿಯವರ ಸಿಟ್ಟು ಒಳಗಿನಿಂದ ಹೇಗೆ ಕೇಳಿಸುತ್ತದೆ ಎಂದು ಕಿವಿಗೊಟ್ಟವರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಯಾಥರಿನ್ ಕ್ರೇಮರ್ ಹೆಸರು ಮುಖ್ಯ. 2007ರಿಂದ ಹಲವು ವರ್ಷ ಆಕೆ ರಾಜ್ಯದ ಸಣ್ಣ ಊರುಗಳ ಪೆಟ್ರೋಲ್ ಬಂಕು, ಹೋಟೆಲುಗಳಲ್ಲಿ ಬೆಳಬೆಳಗ್ಗೆ ಕಾಫಿಗೆ ಸೇರುವ ಹಿರಿಯರ ಗುಂಪುಗಳಲ್ಲಿ ಹೋಗಿ ಕೂತರು. ನಮ್ಮೂರ ಅರಳಿಕಟ್ಟೆಯ ಮಾತು ಇದ್ದ ಹಾಗೆಯೇ. ಅಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು ಪಕ್ಷದ ಹೆಸರಲ್ಲ, ಮ್ಯಾಡಿಸನ್ ಎಂಬ ರಾಜಧಾನಿಯ ಹೆಸರು. ನಮ್ಮ ದುಡ್ಡು ಅಲ್ಲಿಗೆ ಹೋಗುತ್ತದೆ, ತೀರ್ಮಾನ ಅಲ್ಲಿಂದ ಬರುತ್ತದೆ, ನಮಗೆ ಮರ್ಯಾದೆ ಎಲ್ಲಿಂದಲೂ ಬರುವುದಿಲ್ಲ. ತಲಾವಾರು ಲೆಕ್ಕ ಹಾಕಿದರೆ ಸರ್ಕಾರದ ಹಣದಲ್ಲಿ ಹಳ್ಳಿ ಕೌಂಟಿಗಳಿಗೆ ಅಂಥ ಮೋಸವೇನೂ ಕಾಣುವುದಿಲ್ಲ. ಆದರೆ ಶಾಲೆ ಮುಚ್ಚಿದ, ಹೆರಿಗೆ ಆಸ್ಪತ್ರೆಗೆ ಗಂಟೆಗಟ್ಟಲೆ ಕಾರು ಓಡಿಸಬೇಕಾದ ಊರಿನವನ ಮುಂದೆ ತಲಾವಾರು ಕೋಷ್ಟಕ ಹಿಡಿದರೆ ಅವನು ಕಾಫಿ ಕುಡಿದು ಎದ್ದುಹೋಗುತ್ತಾನೆ. ಡೆಮಾಕ್ರಟರು ಬಹಳ ಕಾಲ ಮಾಡಿದ್ದು ಇದನ್ನೇ, ಅಥವಾ ಇದಕ್ಕಿಂತ ಕೆಟ್ಟದ್ದನ್ನು. 2008ರಲ್ಲಿ ಪೆನ್ಸಿಲ್ವೇನಿಯಾದ ಸಣ್ಣ ಊರಿನವರು ಕಹಿ ತುಂಬಿಕೊಂಡು ಬಂದೂಕಿಗೋ ದೇವರಿಗೋ ಜೋತುಬೀಳುತ್ತಾರೆ ಎಂದು ಒಬಾಮ ಹೇಳಿದರು. ಹೇಳಿದ್ದು ಎಲ್ಲಿ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ದೇಣಿಗೆದಾರರ ಮುಂದೆ.

ಹಳ್ಳಿಗೆ ದನಿಯೇ ಇಲ್ಲವೇ ಎಂದರೆ, ಶಾಸನಸಭೆಗಳಲ್ಲಿ ಅದರ ದನಿ ತಲೆಯೆಣಿಕೆಗಿಂತ ಜೋರು. 5.8 ಲಕ್ಷ ಜನರ ವಯೋಮಿಂಗ್‌ಗೂ 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಸೆನೆಟ್‌ನಲ್ಲಿ ಇಬ್ಬಿಬ್ಬರೇ. ರಾಜ್ಯಗಳ ಒಳಗೂ ಪೇಟೆಯ ಮತ ಒಂದೇ ಕಡೆ ಗುಡ್ಡೆಬಿದ್ದು ವ್ಯರ್ಥವಾಗುತ್ತದೆ: ಒಂದು ಕ್ಷೇತ್ರದಲ್ಲಿ ಶೇ 85ರಿಂದ ಗೆದ್ದರೂ ಸೀಟು ಒಂದೇ. ಅದರ ಮೇಲೆ ಕ್ಷೇತ್ರಗಳ ಗಡಿ ಗೀಚುವವರ ಕೈಚಳಕ. 2018ರಲ್ಲಿ ವಿಸ್ಕಾನ್ಸಿನ್ ಕೆಳಮನೆಗೆ ಬಿದ್ದ ಒಟ್ಟು ಮತಗಳಲ್ಲಿ ಡೆಮಾಕ್ರಟರಿಗೆ ಅರ್ಧಕ್ಕಿಂತ ಹೆಚ್ಚು ಸಿಕ್ಕಿತ್ತು, ಸೀಟು ಸಿಕ್ಕಿದ್ದು 99ರಲ್ಲಿ 36.

ನ್ಯಾಶ್‌ವಿಲ್ ಕತೆ ಇನ್ನೂ ನೇರ. ಹಾಡುಗಾರರ ಆ ನಗರ ದಶಕಗಳ ಕಾಲ ಸಂಸತ್ತಿಗೆ ಒಬ್ಬ ಡೆಮಾಕ್ರಟನನ್ನು ಕಳಿಸುತ್ತಿತ್ತು. 2022ರಲ್ಲಿ ಟೆನೆಸಿ ಶಾಸನಸಭೆ ನಗರವನ್ನು ಮೂರು ಹೋಳು ಮಾಡಿ ಒಂದೊಂದನ್ನೂ ಸುತ್ತಲಿನ ಹಳ್ಳಿಗಾಡಿಗೆ ಅಂಟಿಸಿತು. ಮೂರೂ ಹೋಳು ರಿಪಬ್ಲಿಕನ್ನರ ಪಾಲು. ಅದೇ ವರ್ಷ ನಗರಸಭೆ 2024ರ ರಿಪಬ್ಲಿಕನ್ ಸಮಾವೇಶವನ್ನು ತನ್ನೂರಿನಲ್ಲಿ ನಡೆಸಿಕೊಡಲು ಒಪ್ಪಲಿಲ್ಲ. ಮರುವರ್ಷ ಶಾಸನಸಭೆ ನಗರಸಭೆಯ 40 ಸ್ಥಾನಗಳನ್ನು 20ಕ್ಕೆ ಇಳಿಸುವ ಕಾನೂನನ್ನೇ ತಂದಿತು. ಟೆಕ್ಸಸ್‌ನಲ್ಲಿ ಆಸ್ಟಿನ್ ಮತ್ತು ಡಾಲಸ್ ನಗರಗಳು ಕಟ್ಟಡ ಕೆಲಸಗಾರರಿಗೆ ನಾಲ್ಕು ಗಂಟೆಗೊಮ್ಮೆ ನೀರು ಕುಡಿದು ಸುಧಾರಿಸಿಕೊಳ್ಳಲು ಹತ್ತು ನಿಮಿಷ ಕೊಡಬೇಕೆಂದು ನಿಯಮ ಮಾಡಿದ್ದವು. 2023ರ ಉರಿಬೇಸಿಗೆಯಲ್ಲಿ ರಾಜ್ಯಪಾಲರು ಸಹಿ ಹಾಕಿದ ಕಾಯ್ದೆ ಇಂಥ ನಗರ ನಿಯಮಗಳನ್ನೆಲ್ಲ ಸಾರಾಸಗಟಾಗಿ ರದ್ದುಮಾಡಲು ಹೊರಟಿತು. ಬಿಸಿಲಲ್ಲಿ ನಿಂತವನು ಯಾವ ಪಕ್ಷಕ್ಕೆ ಮತ ಹಾಕುತ್ತಾನೆ ಎಂಬುದು ಇಲ್ಲಿ ಯಾರಿಗೂ ಮುಖ್ಯವಾಗಿರಲಿಲ್ಲ. ನಿಯಮ ಮಾಡಿದ್ದು ನೀಲಿ ನಗರ, ಅಷ್ಟು ಸಾಕು.

ಅಪರಾಧದ ಮಾತಿಗೆ ಬಂದರಂತೂ ಲೆಕ್ಕದ ಆಟ ನೋಡಬೇಕು. ಡೆಮಾಕ್ರಟರು ಆಳುವ ನಗರಗಳು ಕೊಲೆಗಡುಕರ ಗೂಡು ಎನ್ನುವುದು ರಿಪಬ್ಲಿಕನ್ನರ ನಿತ್ಯಪಾಠ; 2025ರಲ್ಲಿ ಲಾಸ್ ಏಂಜಲೀಸ್, ವಾಷಿಂಗ್ಟನ್ ಬೀದಿಗಳಿಗೆ ಟ್ರಂಪ್ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯನ್ನು ಇಳಿಸಿದರು. ಡೆಮಾಕ್ರಟರು ತಿರುಗಿಸಿ ಹೇಳುವುದು: ಕೊಲೆ ಪ್ರಮಾಣದಲ್ಲಿ ಮುಂದಿರುವುದು ಮಿಸಿಸಿಪ್ಪಿ, ಲೂಸಿಯಾನಾದಂಥ ಕೆಂಪು ರಾಜ್ಯಗಳು. ಎರಡೂ ಸುಳ್ಳಲ್ಲ. ಮೆಂಫಿಸ್‌ನಲ್ಲಿ ಬಿದ್ದ ಒಂದೇ ಹೆಣವನ್ನು ಒಬ್ಬರು ನಗರದ ಲೆಕ್ಕಕ್ಕೆ ಬರೆಯುತ್ತಾರೆ, ಇನ್ನೊಬ್ಬರು ಟೆನೆಸಿ ರಾಜ್ಯದ ಲೆಕ್ಕಕ್ಕೆ. ಪೊಲೀಸರು ನಗರದವರು, ಬಂದೂಕಿನ ಕಾನೂನು ರಾಜ್ಯದ್ದು, ಬಡತನ ಇಬ್ಬರದೂ ಅಲ್ಲವೆಂಬಂತೆ ನಡುವೆ ಬಿದ್ದಿರುತ್ತದೆ.

ಅಚ್ಚಿಗೆ ಒಗ್ಗದ ಊರುಗಳು ಬೇಕಾದಷ್ಟಿವೆ. ಮಿಸಿಸಿಪ್ಪಿಯ ಡೆಲ್ಟಾ ಸೀಮೆ, ಅಲಬಾಮಾದ ಹಳೆಯ ಹತ್ತಿ ಹೊಲಗಳ ಪಟ್ಟಿ ಅಪ್ಪಟ ಹಳ್ಳಿಗಾಡು. ಕಪ್ಪುಜನರು ಹೆಚ್ಚಿರುವ ಆ ಕೌಂಟಿಗಳು ಗಟ್ಟಿ ಡೆಮಾಕ್ರಟಿಕ್. 'ಹಳ್ಳಿಯ ಮತದಾರ' ಎಂದು ಟೀವಿಯವರು ಹೇಳುವಾಗ ಅವರ ಮುಖ ತೋರಿಸುವುದೇ ಇಲ್ಲ. ಡಾಲಸ್‌ನ ಉತ್ತರಕ್ಕೆ ಪ್ಲೇನೋ, ಫ್ರಿಸ್ಕೋಗಳಿರುವ, ನಮ್ಮ ಕನ್ನಡದವರೂ ಮನೆಮಾಡಿಕೊಂಡಿರುವ ಕಾಲಿನ್ ಕೌಂಟಿ ಪೇಟೆಯೂ ಅಲ್ಲ ಹಳ್ಳಿಯೂ ಅಲ್ಲ. 2012ರಲ್ಲಿ ರಿಪಬ್ಲಿಕನ್ನರು ಅಲ್ಲಿ ಶೇ 30ಕ್ಕೂ ಹೆಚ್ಚು ಅಂತರದಿಂದ ಗೆದ್ದರು, 2020ರಲ್ಲಿ ಅದು ಶೇ 5ರ ಒಳಗೆ ಕುಸಿಯಿತು, 2024ರಲ್ಲಿ ಮತ್ತೆ ಹಿಗ್ಗಿತು. ಗೆಲುವು ಸೋಲು ತೀರ್ಮಾನವಾಗುವುದು ಇಂಥ ಹೊರವಲಯಗಳಲ್ಲೇ. ಇನ್ನು ಡೆಟ್ರಾಯಿಟ್. ಕಪ್ಪುಜನರ ನಗರ ಎಂದೇ ಎಲ್ಲರೂ ಎಣಿಸುವ ಊರು. 2022ರಲ್ಲಿ ಅಲ್ಲಿಂದ ಸಂಸತ್ತಿಗೆ ಗೆದ್ದವರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್. ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಆ ನಗರಕ್ಕೆ ಕಪ್ಪು ಸಂಸದನಿಲ್ಲದಂತಾಯಿತು. ಅದು ಅಲ್ಲಿ ಹಲವರಿಗೆ ನೋವಿನ ಸಂಗತಿಯೂ ಹೌದು, ನಾವು ಬೆಳಗಾವಿಯ ಹೆಮ್ಮೆ ಅನ್ನುವಾಗ ಅದನ್ನೂ ನೆನಪಿಡಬೇಕು.

ಟೆಕ್ಸಸ್‌ನ ಮೆಕ್ಸಿಕೋ ಗಡಿಗೆ ತಾಗಿಕೊಂಡ ಸ್ಟಾರ್ ಕೌಂಟಿಯಲ್ಲಿ ನೂರಕ್ಕೆ 97ರಷ್ಟು ಜನ ಹಿಸ್ಪಾನಿಕ್ ಮೂಲದವರು. ವಲಸೆ ವಿರೋಧಿ ಟ್ರಂಪ್‌ಗೆ ಅಲ್ಲಿ ಏನಿದೆ ಕೆಲಸ ಎಂದು ಎರಡೂ ಪಕ್ಷದ ಪಂಡಿತರು ನಂಬಿದ್ದರು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಶೇ 79 ಮತ ಬಿತ್ತು. 2024ರಲ್ಲಿ ಟ್ರಂಪ್‌ಗೆ ಸುಮಾರು ಶೇ 58. ಆ ಕೌಂಟಿ ರಿಪಬ್ಲಿಕನ್ ಅಭ್ಯರ್ಥಿಯನ್ನು ಗೆಲ್ಲಿಸಿದ್ದು 1892ರ ನಂತರ ಅದೇ ಮೊದಲು. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗ ಇನ್ನೊಂದು ಉದಾಹರಣೆ. 2016ರಲ್ಲಿ ಅಲ್ಲಿ ಟ್ರಂಪ್ ಪಡೆದದ್ದು ಶೇ 10ರೊಳಗೆ, 2020ರಲ್ಲಿ 16, 2024ರಲ್ಲಿ 27.

ಆ ಚುನಾವಣೆ ಮುಗಿದ ಕೆಲವೇ ದಿನಗಳಿಗೆ ಜೊಹ್ರಾನ್ ಮಮ್ದಾನಿ ಎಂಬ, ಆಗ ಬಹಳ ಜನ ಹೆಸರೂ ಕೇಳಿರದ ರಾಜ್ಯ ಶಾಸಕ ಮೈಕು ಹಿಡಿದು ಬ್ರಾಂಕ್ಸ್‌ನ ಫೋರ್ಡಮ್ ರಸ್ತೆಯಲ್ಲೂ ಕ್ವೀನ್ಸ್‌ನ ಹಿಲ್‌ಸೈಡ್ ಅವೆನ್ಯೂದಲ್ಲೂ ನಿಂತರು. ಕೇಳಿದ್ದು ಇಷ್ಟೇ: ಯಾರಿಗೆ ಮತ ಹಾಕಿದಿರಿ, ಯಾಕೆ? ಟ್ರಂಪ್‌ಗೆ ಅಂದವರೂ, ಈ ಸಲ ಮನೆಯಲ್ಲೇ ಕೂತೆ ಅಂದವರೂ ಹೇಳಿದ ಕಾರಣಗಳಲ್ಲಿ ಬಂದೂಕೂ ಇರಲಿಲ್ಲ, ಲಾಟೆಯೂ ಇರಲಿಲ್ಲ. ಬಾಡಿಗೆ, ದಿನಸಿ ಬೆಲೆ, ಗಾಜಾ. ಎರಡು ತಿಂಗಳ ಮೇಲೆ ಅವರು ಬೀದಿಬದಿ ಹಲಾಲ್ ಗಾಡಿಗಳ ಮುಂದೆ ನಿಂತು, ಎಂಟು ಡಾಲರಿದ್ದ ಚಿಕನ್ ಅನ್ನದ ತಟ್ಟೆ ಹತ್ತಾದದ್ದು ಹೇಗೆ ಎಂದು ವಿಚಾರಿಸಿದರು. ನಗರ 400 ಡಾಲರಿಗೆ ಕೊಡುತ್ತಿದ್ದ ಪರವಾನಗಿ ಗಾಡಿಯವರ ಕೈಗೆ ನೇರ ಸಿಗುತ್ತಲೇ ಇರಲಿಲ್ಲ. ಬೇರೆಯವರ ಹೆಸರಿನದನ್ನು ವರ್ಷಕ್ಕೆ 20,000 ಡಾಲರ್ ಆಸುಪಾಸು ತೆತ್ತು ಬಾಡಿಗೆಗೆ ಪಡೆಯಬೇಕಿತ್ತು. ಆ ದುಡ್ಡು ತಟ್ಟೆಯ ಮೇಲೆ ಬೀಳುತ್ತಿತ್ತು.

ಟ್ರಂಪ್ ಆತನನ್ನು ಕಮ್ಯುನಿಸ್ಟ್ ಎಂದು ಬೈದರು. ಕೆಂಪು ರಾಜ್ಯಗಳ ಪ್ರಚಾರಕ್ಕೆ ಹೇಳಿಮಾಡಿಸಿದ ಪೇಟೆ ಡೆಮಾಕ್ರಟ್ ಸಿಕ್ಕಿದ ಎಂದು ರಿಪಬ್ಲಿಕನ್ನರು ಖುಷಿಪಟ್ಟರು. 2025ರ ನವೆಂಬರಿನಲ್ಲಿ ಮಮ್ದಾನಿ ಮೇಯರ್ ಆಗಿ ಗೆದ್ದರು, ಬ್ರಾಂಕ್ಸ್ ಕೂಡ ಅವರ ಕಡೆಗೇ ಬಂತು. ಅದೇ ತಿಂಗಳ 21ರಂದು ಶ್ವೇತಭವನದಲ್ಲಿ ಇಬ್ಬರೂ ಭೇಟಿಯಾದರು. ಜಟಾಪಟಿ ನೋಡಲು ಕಾದಿದ್ದ ವರದಿಗಾರರ ಮುಂದೆ ಇಬ್ಬರೂ ಆಡಿದ್ದು ಬಾಡಿಗೆ ಮತ್ತು ದಿನಸಿಯ ಮಾತು. ನನ್ನ ಬಹಳಷ್ಟು ಮತದಾರರು ಈತನಿಗೂ ಮತ ಹಾಕಿದ್ದಾರೆ, ನನಗೇನೂ ಬೇಜಾರಿಲ್ಲ ಎಂದರು ಟ್ರಂಪ್.